ಕಿವಿಗೆಂದೇ ಬರೆದ ಭಯ

ಕ್ರಿಸ್‌ಮಸ್‌ನ ಹಿಂದಿನ ರಾತ್ರಿ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಪ್ರಾರ್ಥನೆ, ಊಟ ಎಲ್ಲ ಮುಗಿದ ಮೇಲೆ ಕೆಲವು ಗೆಳೆಯರು ಎಂ.ಆರ್. ಜೇಮ್ಸ್ ಅವರ ಕೋಣೆಯಲ್ಲಿ ಸೇರುತ್ತಿದ್ದರು. ಜೇಮ್ಸ್ ಮಧ್ಯಯುಗದ ಹಸ್ತಪ್ರತಿಗಳಲ್ಲಿ ಮುಳುಗಿದ್ದ ವಿದ್ವಾಂಸ. ವರ್ಷಕ್ಕೊಮ್ಮೆ ಗೆಳೆಯರಿಗಾಗಿ ಒಂದು ದೆವ್ವದ ಕಥೆ ಬರೆಯುತ್ತಿದ್ದರು, ಅದೂ ಎಷ್ಟೋ ಸಲ ಕೊನೆಯ ಗಳಿಗೆಯಲ್ಲಿ. ಎಲ್ಲರೂ ಕಾದು ಕೂತಿರುವಾಗ ಒಳಕೋಣೆಯಿಂದ ಹಾಳೆಗಳನ್ನು ಹಿಡಿದು ಹೊರಬರುವರು, ಒಂದೇ ಒಂದು ಮೇಣದಬತ್ತಿ ಉಳಿಸಿ ಮಿಕ್ಕದ್ದನ್ನೆಲ್ಲ ಆರಿಸುವರು. ಆಮೇಲೆ ಆ ಬತ್ತಿಯ ಪಕ್ಕದಲ್ಲಿ ಕೂತು, ಬೇರೆ ಯಾರಿಗೂ ಓದಲು ಬಾರದ ತಮ್ಮದೇ ಕೈಬರಹವನ್ನು ತಡವರಿಸದೆ ಓದುತ್ತ ಹೋಗುವರು.

ಈ ಓದು ಶುರುವಾದದ್ದು 1893ರ ಅಕ್ಟೋಬರಿನಲ್ಲಿ, ಚಿಟ್‌ಚಾಟ್ ಸೊಸೈಟಿ ಎಂಬ ಪುಟ್ಟ ಗೋಷ್ಠಿಯಲ್ಲಿ. ಪುಸ್ತಕ ಬಂದದ್ದು 1904ರಲ್ಲಿ. ಅಂದರೆ ಇಂಗ್ಲಿಷಿನಲ್ಲಿ ಇವತ್ತಿಗೂ ದೆವ್ವದ ಕಥೆಗಳ ಮೇಲ್ಪಂಕ್ತಿ ಎನಿಸಿಕೊಂಡಿರುವ ಈ ಕಥೆಗಳಲ್ಲಿ ಹೆಚ್ಚಿನವು ಪುಸ್ತಕವಾಗುವವರೆಗೆ ಕಿವಿಯಲ್ಲೇ ಬದುಕಿದ್ದವು.

ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದವಳು ನಾನು. ವಾಲ್‌ಪೋಲ್, ಮೇರಿ ಶೆಲ್ಲಿ, ಪೋ, ಸ್ಟೋಕರ್ ಎಲ್ಲರನ್ನೂ ಪುಸ್ತಕದಿಂದಲೇ ಓದಿದೆ, ಪುಸ್ತಕದಿಂದಲೇ ಕಲಿಸಿದೆ. ಈಗ ಸಾಗರದ ಮನೆಯಲ್ಲಿ ಮಳೆಗಾಲದ ರಾತ್ರಿ ಕರೆಂಟು ಹೋದಾಗ ಅವರನ್ನೇ ಧ್ವನಿಮುದ್ರಣದಲ್ಲಿ ಕೇಳುತ್ತೇನೆ. ಕೇಳಿದಷ್ಟೂ ಒಂದು ಮಾತು ಗಟ್ಟಿಯಾಗುತ್ತಿದೆ: ಗಾಥಿಕ್ ಕಥೆಯ ನಿಜವಾದ ಮನೆ ಪುಟವಲ್ಲ, ದನಿ.

ಗಾಥಿಕ್ ಅಂದರೇನು ಎಂದು ವಿದ್ಯಾರ್ಥಿಗಳು ಕೇಳಿದಾಗ ನಾನು ಚಿಕ್ಕದಾಗಿ ಹೇಳುತ್ತಿದ್ದೆ. ಹಳೆಯ ಮನೆ, ಹಿರಿಯರು ಮಾಡಿಟ್ಟ ಪಾಪ, ಸತ್ತರೂ ಸಾಯದ ಹಿಂದಿನ ಕಾಲ. 1764ರಲ್ಲಿ ಹೊರೇಸ್ ವಾಲ್‌ಪೋಲ್ ಬರೆದ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ದಿಂದ ಈ ಬಗೆಯ ಕಾದಂಬರಿ ಶುರು. ಪಾಳು ಕೋಟೆ, ನೆಲಮಾಳಿಗೆ, ಬೀಗ ಹಾಕಿದ ಕೋಣೆ, ತಾನಾಗಿ ಅಲುಗುವ ಚಿತ್ರಪಟ. ಇಷ್ಟು ಹೇಳಿದರೆ ಪರೀಕ್ಷೆಗೆ ಸಾಕು. ಆದರೆ ಈ ಕಥೆಗಳಲ್ಲಿ ಭಯ ಯಾವ ದಾರಿಯಿಂದ ಬರುತ್ತದೆ ಎಂದು ಗಮನಿಸಿದರೆ, ಬಹಳಷ್ಟು ಸಲ ಅದು ಬರುವುದು ಕಿವಿಯ ದಾರಿಯಿಂದ.

ಎಲಿಜಬೆತ್ ಗ್ಯಾಸ್ಕೆಲ್ 1852ರಲ್ಲಿ ಬರೆದ ‘ದಿ ಓಲ್ಡ್ ನರ್ಸಸ್ ಸ್ಟೋರಿ’ ನೋಡಿ. ಮುದುಕಿ ದಾದಿಯೊಬ್ಬಳು ತಾನು ಸಾಕಿದ ಹುಡುಗಿಯ ಮಕ್ಕಳನ್ನು ಕೂರಿಸಿಕೊಂಡು ಹೇಳುವ ಕಥೆ ಅದು. ನಾರ್ತಂಬರ್ಲೆಂಡಿನ ದೊಡ್ಡ ಬಂಗಲೆಯಲ್ಲಿ ಚಳಿಗಾಲದ ಗಾಳಿ ಜೋರಾದ ರಾತ್ರಿಗಳಲ್ಲಿ ಯಾರೋ ಆರ್ಗನ್ ನುಡಿಸುವುದು ಅವಳಿಗೆ ಕೇಳುತ್ತದೆ. ಕೇಳಿದರೆ ಮನೆಯವರು ಗಾಳಿಯ ಸದ್ದು ಅನ್ನುತ್ತಾರೆ. ಒಂದು ದಿನ ಆಕೆ ಆರ್ಗನ್ನಿನ ಮುಚ್ಚಳ ತೆಗೆದು ಇಣುಕುತ್ತಾಳೆ. ಹೊರಗಿನಿಂದ ಅಷ್ಟು ಚೆಂದ ಕಾಣುವ ವಾದ್ಯದ ಒಳಗೆಲ್ಲ ಮುರಿದು ಪುಡಿಯಾಗಿದೆ! ನಾನು ಇದನ್ನು ಮೊದಲು ಪುಸ್ತಕದಲ್ಲಿ ಓದಿದಾಗ ಜಾಣತನದ ಘಟನೆ ಎನಿಸಿತ್ತು, ಅಷ್ಟೇ. ಬ್ರಿಟಿಷ್ ಹೆಂಗಸೊಬ್ಬಳ ವಯಸ್ಸಾದ ದನಿಯಲ್ಲಿ ಕೇಳಿದಾಗ, ‘ಮುರಿದಿತ್ತು’ ಎಂಬಲ್ಲಿ ಅವಳು ಒಂದು ಉಸಿರು ನಿಂತಳು. ಮೈ ಜುಮ್ಮೆಂದಿತು.

ಪೋ ಅವರ ‘ದಿ ಟೆಲ್-ಟೇಲ್ ಹಾರ್ಟ್’ (1843) ಇನ್ನೂ ಸ್ಪಷ್ಟ ಉದಾಹರಣೆ. ಕೊಂದವನು ತಾನು ಹುಚ್ಚನಲ್ಲ ಎಂದು ನಮಗೇ ಹೇಳುತ್ತಿದ್ದಾನೆ. ಹಲಗೆಯ ಕೆಳಗೆ ಹೂತಿಟ್ಟ ಹೆಣದ ಎದೆಬಡಿತ, ಹತ್ತಿಯಲ್ಲಿ ಸುತ್ತಿಟ್ಟ ಗಡಿಯಾರದಂತೆ ಅವನಿಗೆ ಕೇಳುತ್ತಿದೆ. ಈ ಕಥೆಯನ್ನು ಪಠ್ಯವಾಗಿ ಕೊಟ್ಟು ಮನೆಯಲ್ಲಿ ಓದಿಕೊಂಡು ಬನ್ನಿ ಎಂದರೆ ಮಕ್ಕಳು ಸಾರಾಂಶ ಬರೆದು ತರುತ್ತಿದ್ದರು. ಮಧ್ಯಾಹ್ನದ ಕೊನೆಯ ಪೀರಿಯಡ್ಡಿನಲ್ಲಿ ನಾನೇ ಗಟ್ಟಿಯಾಗಿ ಓದಿದ ದಿನ ಹಿಂದಿನ ಬೆಂಚಿನವರೂ ಬಸ್ಸಿನ ಚಿಂತೆ ಬಿಟ್ಟು ಕೂತರು. ಪೋ ಬರೆದ ಆ ತುಂಡು ತುಂಡು ವಾಕ್ಯಗಳು, ಬೇಕೆಂದೇ ಮರುಕಳಿಸುವ ಮಾತುಗಳು ಕಣ್ಣಿಗೆ ಅತಿಯಾಗಿ ಕಾಣುತ್ತವೆ. ಬಾಯಿಗೆ ಬಂದರೆ ಓದುವವರ ಉಸಿರೇ ಏರುತ್ತ ಹೋಗುತ್ತದೆ, ಕೇಳುವವರ ಉಸಿರೂ ಅದರ ಹಿಂದೆ ಓಡುತ್ತದೆ. ಆ ಉಸಿರಿನ ಲೆಕ್ಕ ಪೋಗೆ ಚೆನ್ನಾಗಿ ಗೊತ್ತಿತ್ತು.

ಇನ್ನೊಂದು ಕಾರಣವೂ ಇದೆ. ಪುಸ್ತಕ ಹಿಡಿದಾಗ ಕಣ್ಣು ಕಳ್ಳ. ಪುಟ ತಿರುಗಿಸಿದ ಕೂಡಲೇ ಅದು ಕೆಳಗಿನ ಸಾಲಿಗೆ ಜಾರುತ್ತದೆ, ಇನ್ನೆಷ್ಟು ಪುಟ ಉಳಿದಿದೆ ಎಂದು ಬೆರಳು ಅಳೆಯುತ್ತದೆ, ಹೆದರಿಕೆಯಾದರೆ ನಾಲ್ಕು ಸಾಲು ಹಾರಿಸಬಹುದು. ಕೇಳುವಾಗ ಈ ಉಪಾಯಗಳು ನಡೆಯುವುದಿಲ್ಲ. ಮುಂದಿನ ಪದ ಓದುವವರ ನಾಲಗೆಯ ಮೇಲಿದೆ, ಅದು ಬರುವಾಗಲೇ ಬರಬೇಕು.

ಇದು ತಿಳಿದಿದ್ದರಿಂದಲೇ ಆ ಕಾಲದ ಲೇಖಕರು ಕಥೆಯೊಳಗೂ ಕೇಳುಗರನ್ನು ಕೂರಿಸಿದರು. ಹೆನ್ರಿ ಜೇಮ್ಸ್ ಅವರ ‘ದಿ ಟರ್ನ್ ಆಫ್ ದಿ ಸ್ಕ್ರೂ’ (1898) ಶುರುವಾಗುವುದೇ ಬೆಂಕಿಯ ಸುತ್ತ ಕೂತು ಕಥೆ ಕೇಳುವ ಮಂದಿಯಿಂದ. ಸ್ಟೋಕರ್ ಅವರ ‘ಡ್ರಾಕುಲಾ’ದಲ್ಲಿ ಡಾಕ್ಟರ್ ಸೀವರ್ಡ್ ದಿನಚರಿ ಬರೆಯುವುದಿಲ್ಲ, ಫೋನೋಗ್ರಾಫಿನಲ್ಲಿ ಮಾತಾಡಿ ಇಡುತ್ತಾನೆ. ಅಷ್ಟೇ ಅಲ್ಲ, ‘ಡ್ರಾಕುಲಾ’ ಪುಸ್ತಕ ಅಂಗಡಿಗೆ ಬರುವ ಮೊದಲೇ, 1897ರ ಮೇ 18ರಂದು, ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ನಟರು ಅದನ್ನು ನಾಟಕರೂಪದಲ್ಲಿ ಗಂಟೆಗಟ್ಟಲೆ ಓದಿದ್ದರು. ನಾಟಕದ ಹಕ್ಕು ಸ್ಟೋಕರ್ ಕೈತಪ್ಪದಿರಲಿ ಎಂದು ಕಾನೂನಿಗಾಗಿ ಮಾಡಿದ ಓದು ಅದು. ಕಾರಣ ಏನೇ ಇರಲಿ, ಆ ರಕ್ತಪಿಪಾಸು ಪ್ರಭು ಲೋಕಕ್ಕೆ ಮೊದಲು ಬಂದದ್ದು ದನಿಯಾಗಿಯೇ.

ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಹುಟ್ಟಿದ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದು ಎಬ್ಬಿಸಿದ ಧೂಳು ಆಕಾಶ ಮುಚ್ಚಿ ಮರುವರ್ಷ ಯುರೋಪಿಗೆ ಬೇಸಗೆಯೇ ಬರಲಿಲ್ಲ. ಜಿನೀವಾ ಸರೋವರದ ಪಕ್ಕ ಬೈರನ್ ಬಾಡಿಗೆಗೆ ಹಿಡಿದಿದ್ದ ವಿಲ್ಲಾ ಡಿಯೊಡಾಟಿಯಲ್ಲಿ ಮಳೆಗೆ ಸಿಕ್ಕಿಬಿದ್ದವರು ಜರ್ಮನ್ ದೆವ್ವದ ಕಥೆಗಳ ಫ್ರೆಂಚ್ ಅನುವಾದವನ್ನು ಗಟ್ಟಿಯಾಗಿ ಓದಿಕೊಂಡರು. ಆದರೆ ನನಗೆ ಇಷ್ಟವಾದ ಸಂಗತಿ ಅಲ್ಲಿದ್ದ ಬೈರನ್‌ನ ವೈದ್ಯ ಪೊಲಿಡೊರಿಯ ದಿನಚರಿಯಲ್ಲಿದೆ. ಜೂನ್ 18ರ ನಡುರಾತ್ರಿ ಬೈರನ್ ಕೋಲ್‌ರಿಜ್‌ನ ‘ಕ್ರಿಸ್ಟಬೆಲ್’ ಕವಿತೆಯ ಕೆಲವು ಸಾಲು ಹೇಳಿದ. ಮೇರಿಯ ಸಂಗಾತಿ ಪರ್ಸಿ ಶೆಲ್ಲಿ ಚೀರುತ್ತ, ತಲೆ ಹಿಡಿದುಕೊಂಡು, ಮೇಣದಬತ್ತಿಯೊಂದಿಗೆ ಕೋಣೆಯಿಂದ ಹೊರಗೋಡಿದ. ಮುಖಕ್ಕೆ ನೀರು ಚಿಮುಕಿಸಿ ಈಥರ್ ಕೊಡಬೇಕಾಯಿತು. ಬೇರೆಯವರ ಬಾಯಲ್ಲಿ ಬಂದ ಕವಿತೆ ಒಬ್ಬ ಮಹಾಕವಿಯನ್ನೇ ಹೀಗೆ ಎಬ್ಬಿಸಿ ಓಡಿಸಿತು. ಹದಿನೆಂಟರ ಮೇರಿ ಆ ಮನೆಯ ಮಳೆಯಲ್ಲೇ ತನ್ನ ಕಥೆ ಶುರುಮಾಡಿದಳು.

ಹಾಗಾದರೆ ಹೇಗೆ ಓದಬೇಕು? ಇಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ಡಿಕನ್ಸ್ ತಮ್ಮ ‘ಆಲಿವರ್ ಟ್ವಿಸ್ಟ್’ನ ನ್ಯಾನ್ಸಿಯ ಕೊಲೆಯನ್ನು 1869ರಿಂದ ವೇದಿಕೆಯ ಮೇಲೆ ಓದುತ್ತಿದ್ದರು. ಓದಲ್ಲ, ಪೂರ್ತಿ ಅಭಿನಯ. ಓದುವಾಗ ಅವರ ನಾಡಿ ಏರುವುದನ್ನು ವೈದ್ಯರು ಬರೆದಿಟ್ಟುಕೊಳ್ಳುತ್ತಿದ್ದರು. ಡಿಕನ್ಸ್ ಮರುವರ್ಷವೇ ತೀರಿಕೊಂಡರು. ಅದು ದೊಡ್ಡ ಕಲೆ, ಇಲ್ಲವೆನ್ನುವುದಿಲ್ಲ. ಆದರೂ ದೆವ್ವದ ಕಥೆಗೆ ಎಂ.ಆರ್. ಜೇಮ್ಸ್ ದಾರಿಯೇ ಸರಿ: ಸಾದಾ ದನಿ, ಅವಸರವಿಲ್ಲದ ಓಟ. ಅವರ ‘ಓ, ವಿಸಲ್, ಅಂಡ್ ಐ’ಲ್ ಕಮ್ ಟು ಯು, ಮೈ ಲ್ಯಾಡ್’ ಕಥೆಯಲ್ಲಿ ದೆವ್ವವನ್ನು ನಂಬದ ಪ್ರೊಫೆಸರ್ ಪಾರ್ಕಿನ್ಸ್ ಸಮುದ್ರದಂಡೆಯ ಊರಿಗೆ ಗಾಲ್ಫ್ ಆಡಲು ಹೋಗುತ್ತಾನೆ. ಪಾಳು ಬಿದ್ದ ಕಟ್ಟಡದ ತಳಪಾಯದಲ್ಲಿ ಅವನಿಗೊಂದು ಕಂಚಿನ ಸೀಟಿ ಸಿಗುತ್ತದೆ, ಊದುತ್ತಾನೆ. ಹೋಟೆಲಿನ ಕೋಣೆಯಲ್ಲಿ ಎರಡು ಮಂಚ. ಅವನು ಮಲಗುವುದು ಒಂದರಲ್ಲಿ ಮಾತ್ರ. ಬೆಳಿಗ್ಗೆ ಕೆಲಸದವಳು ಬಂದು ಎರಡೂ ಹಾಸಿಗೆಯಲ್ಲಿ ಮಲಗಿದ ಗುರುತಿದೆ ಅನ್ನುತ್ತಾಳೆ. ಈ ಮಾತನ್ನು ದಿನಸಿ ಪಟ್ಟಿ ಓದಿದಷ್ಟೇ ಸಲೀಸಾಗಿ ಓದಬೇಕು. ದನಿ ನಡುಗಿಸಿದಿರೋ, ಕೆಟ್ಟಿತು. ಹೆದರುವ ಕೆಲಸ ಕೇಳುವವರದು, ಅದನ್ನು ಓದುವವರು ಕಿತ್ತುಕೊಳ್ಳಬಾರದು.

ಅದಕ್ಕೇ ಈಗಿನ ಕೆಲವು ಧ್ವನಿಮುದ್ರಣಗಳಲ್ಲಿ ಹಿನ್ನೆಲೆಗೆ ಗುಡುಗು, ತೋಳದ ಕೂಗು, ಕಿರುಗುಟ್ಟುವ ಬಾಗಿಲು ಸೇರಿಸುವುದು ನನಗೆ ಸೇರುವುದಿಲ್ಲ. ಕಥೆಯ ಬಾಗಿಲು ನನ್ನ ತವರುಮನೆಯ ಹಿತ್ತಿಲ ಬಾಗಿಲಾಗಿ ಕಿರುಗುಟ್ಟುತ್ತಿರುವಾಗ ಸ್ಟುಡಿಯೋದ ಬಾಗಿಲು ನನಗ್ಯಾಕೆ? ನನಗೆ ಸೇರುವುದು ನಟ ಮೈಕೇಲ್ ಹಾರ್ಡರ್ನ್ ಅವರಂಥ ಓದು. ಅವರು 1968ರ ಬಿಬಿಸಿ ಚಿತ್ರದಲ್ಲಿ ಆ ಪಾರ್ಕಿನ್ಸ್ ಪಾತ್ರ ಮಾಡಿದವರು, ಮುಂದೆ ಜೇಮ್ಸ್ ಕಥೆಗಳನ್ನು ಓದಿ ಮುದ್ರಿಸಿದರು. ಸ್ವಲ್ಪ ಗೊಗ್ಗರು, ಸ್ವಲ್ಪ ಗೊಣಗು, ಹಳೆಯ ಮೇಷ್ಟರ ದನಿ. ಡ್ರಾಕುಲಾ ಪಾತ್ರದಿಂದ ಹೆಸರಾದ ಕ್ರಿಸ್ಟೋಫರ್ ಲೀ 2000ದಲ್ಲಿ ಬಿಬಿಸಿಗಾಗಿ ಜೇಮ್ಸ್ ಆಗಿಯೇ ಕೂತು ಕಥೆ ಹೇಳಿದರು. ಹಣ ಕೊಡದೆ ಕೇಳಬೇಕೆಂದರೆ 2005ರಿಂದ ನಡೆಯುತ್ತಿರುವ ಲಿಬ್ರಿವಾಕ್ಸ್ ಇದೆ. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಸ್ವಯಂಸೇವಕರು ಓದಿ ಇಟ್ಟಿದ್ದಾರೆ. ಎಲ್ಲರ ಓದೂ ಒಂದೇ ಮಟ್ಟದ್ದಲ್ಲ. ಮೊದಲ ಐದು ನಿಮಿಷದಲ್ಲಿ ದನಿ ಹಿಡಿಸದಿದ್ದರೆ ಅದೇ ಕಥೆಯನ್ನು ಇನ್ನೊಬ್ಬರು ಓದಿದ್ದಾರೆಯೇ ಎಂದು ಹುಡುಕಿ.

ಒಬ್ಬರೇ ಇಯರ್‌ಫೋನ್ ಹಾಕಿ ಕೇಳುವುದು ಒಂದು ಸುಖ. ನಾಲ್ಕು ಜನ ಕೂಡಿ ಕೇಳುವುದು ಬೇರೆಯೇ. ನಮ್ಮಲ್ಲಿ ಅಡಿಕೆ ಕೊಯ್ಲು ಶುರುವಾದರೆ ರಾತ್ರಿ ಊಟವಾದ ಮೇಲೂ ಹೆಂಗಸರು ಮೆಟ್ಟುಗತ್ತಿಯ ಮೇಲೆ ಕೂತು ಹಸಿ ಅಡಿಕೆ ಸುಲಿಯುತ್ತಾರೆ. ಕೈಗೆ ಕೆಲಸ, ಕಿವಿ ಖಾಲಿ. ಕಥೆ, ಹಾಡು, ಊರಿನ ಸುದ್ದಿ ಎಲ್ಲ ಅಲ್ಲೇ. ಅಂಥ ಒಂದು ರಾತ್ರಿ ನಾನು ಡಬ್ಲ್ಯು.ಡಬ್ಲ್ಯು. ಜೇಕಬ್ಸ್‌ನ ‘ದಿ ಮಂಕೀಸ್ ಪಾ’ (1902) ಪುಸ್ತಕ ಹಿಡಿದು, ಸಾಲು ಸಾಲು ಕನ್ನಡ ಮಾಡುತ್ತ ಹೇಳಿದೆ. ಹಿಂದೂಸ್ತಾನದ ಫಕೀರನೊಬ್ಬ ಮಂತ್ರಿಸಿದ ಕೋತಿಯ ಕೈ ಅದು, ಮೂರು ಬಯಕೆ ಈಡೇರಿಸುತ್ತದೆ. ಮುದಿ ದಂಪತಿ ಇನ್ನೂರು ಪೌಂಡ್ ಕೇಳುತ್ತಾರೆ. ಮಗ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸಾಯುತ್ತಾನೆ, ಪರಿಹಾರವಾಗಿ ಬಂದ ಹಣ ಸರಿಯಾಗಿ ಇನ್ನೂರು ಪೌಂಡ್. ಕೆಲವು ದಿನ ಕಳೆದು ತಾಯಿ ಎರಡನೆಯ ಬಯಕೆಯಾಗಿ ಮಗನನ್ನೇ ಕೇಳಿಸುತ್ತಾಳೆ. ರಾತ್ರಿ ಬಾಗಿಲು ಬಡಿಯುತ್ತದೆ.

ಅಲ್ಲಿಯವರೆಗೆ ಬುಟ್ಟಿಗೆ ಬೀಳುತ್ತಿದ್ದ ಅಡಿಕೆಯ ಸದ್ದು ನಿಂತಿತು. ಆ ತಾಯಿ ಕೆಳಗಿನ ಅಗುಳಿ ಎಳೆದಳು, ಮೇಲಿನದು ಎಟುಕದೆ ಕುರ್ಚಿ ಎಳೆದುಕೊಂಡಳು ಎಂದೆ.

“ಅಮ್ಮಾ, ತೆಗೀಬೇಡ ಅನ್ನಿ ಅವಳಿಗೆ,” ಎಂದಳು ಕಿರಿಯವಳೊಬ್ಬಳು.

“ತೆಗೀದೆ ಏನ್ ಮಾಡ್ತಾಳೆ? ಮಗ ಅಲ್ವಾ ಹೊರಗೆ ನಿಂತಿರೋದು?” ಎಂದರು ಎಲ್ಲರಿಗಿಂತ ಹಿರಿಯರು. “ಹೆಂಗೇ ಬಂದಿರ್ಲಿ, ಮಗ ಮಗನೇ.”

“ಯಂತ್ರಕ್ಕೆ ಸಿಕ್ಕಿದವನು ಅಜ್ಜಿ! ಮಣ್ಣಲ್ಲಿದ್ದವನು!”

“ಅದಕ್ಕೇ ಮತ್ತೆ ತೆಗೀಬೇಕು. ಚಳೀಲಿ ನಿಲ್ಲಿಸ್ತೀಯಾ?”

ಕಥೆ ಮುಂದೆ ಹೋಗಲೇ ಇಲ್ಲ, ಸುಮಾರು ಹೊತ್ತು. ಒಬ್ಬಳು ತನ್ನ ಅಮ್ಮ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಸುಣ್ಣದಲ್ಲಿ ಬರೆದಿಡುತ್ತಿದ್ದದ್ದನ್ನು ನೆನೆದಳು. ರಾತ್ರಿ ಮನೆಯವರ ದನಿಯಲ್ಲೇ ಹೆಸರು ಹಿಡಿದು ಕರೆಯುವ ದೆವ್ವಕ್ಕೆ ನಮ್ಮೂರುಗಳಲ್ಲಿ ಬರೆದಿಡುತ್ತಿದ್ದ ಮಾತು ಅದು. ಆಮೇಲೆ ನಾನು ತಂದೆಯ ಮೂರನೆಯ ಬಯಕೆ ಹೇಳಿದೆ. ಬಡಿತ ನಿಂತಿತು. ಬಾಗಿಲು ತೆಗೆದರೆ ಬೀದಿದೀಪದ ಕೆಳಗೆ ಖಾಲಿ ರಸ್ತೆ. ಹಿರಿಯರು ಏನೂ ಹೇಳದೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಇಷ್ಟು ವರ್ಷ ಇದನ್ನು ಭಯದ ಕಥೆಯೆಂದು ಪಾಠ ಮಾಡಿದ ನನಗೆ ಅದರ ಶೋಕವನ್ನು ಕೇಳಿಸಿದವರು ಅವರು.

ಗಮಕ ಕೇಳಿ ಬೆಳೆದವರಿಗೆ ಇದೇನೂ ಹೊಸದಲ್ಲ. ಕುಮಾರವ್ಯಾಸನ ಕರ್ಣಪರ್ವದ ಕೊನೆ ಗೊತ್ತಿದ್ದೂ ಜನ ಪ್ರತಿ ಸಲ ಕಣ್ಣೀರು ಹಾಕುತ್ತಾರೆ. ಕೊನೆ ಗೊತ್ತಿರುವುದು ಕೇಳುವ ಸುಖಕ್ಕೆ ಅಡ್ಡಿಯಲ್ಲ. ಮನೆಯಲ್ಲಿ ಓದಿ ಹೇಳಬೇಕೆನ್ನುವವರಿಗೆ ನನ್ನ ಸಲಹೆ ಇಷ್ಟೇ: ಮುಕ್ಕಾಲು ಗಂಟೆಯೊಳಗೆ ಮುಗಿಯುವ ಕಥೆ ಆರಿಸಿ. ಮೊದಲೇ ಒಮ್ಮೆ ಗಟ್ಟಿಯಾಗಿ ಓದಿಕೊಂಡು, ಎಲ್ಲಿ ನಿಲ್ಲಬೇಕೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ದೀಪ ಪೂರ್ತಿ ಆರಿಸಬೇಡಿ, ಓದುವವರ ಮುಖ ಕಾಣುತ್ತಿರಲಿ. ತೀರ ಚಿಕ್ಕ ಮಕ್ಕಳಿದ್ದರೆ ಬೇಡ.

ಈ ಸಲದ ಸುಲಿತಕ್ಕೆ ಡಿಕನ್ಸ್‌ನ ‘ದಿ ಸಿಗ್ನಲ್‌ಮ್ಯಾನ್’ (1866) ಕನ್ನಡ ಮಾಡಿ ಬರೆದಿಟ್ಟುಕೊಳ್ಳುತ್ತಿದ್ದೇನೆ. ಹಿಂದಿನ ವರ್ಷ ಸ್ಟೇಪಲ್‌ಹರ್ಸ್ಟ್ ಬಳಿ ರೈಲು ಹಳಿ ತಪ್ಪಿದಾಗ ಡಿಕನ್ಸ್ ಅದರಲ್ಲಿದ್ದರು, ಗಾಯಗೊಂಡವರಿಗೆ ನೀರು ಕೊಟ್ಟು ಉಪಚರಿಸಿದ್ದರು. ಆ ದಿನದ ನಡುಕ ಕಥೆಯೊಳಗಿದೆ. ಸುರಂಗದ ಬಾಯಲ್ಲಿ ಕೆಂಪು ದೀಪ, ಆಳವಾದ ಕಣಿವೆಯಲ್ಲಿ ಒಂಟಿ ಮನುಷ್ಯ, ಅವನೊಬ್ಬನಿಗೇ ಕೇಳುವ ಗಂಟೆ. ಆ ಗಂಟೆ ಬಾರಿಸುವ ಕ್ಷಣದಲ್ಲಿ ಅವನು ತಲೆಯೆತ್ತಿ ಅದರತ್ತ ನೋಡುತ್ತಾನೆ, ಎದುರಿಗೆ ಕೂತವನಿಗೆ ಏನೂ ಕೇಳುವುದಿಲ್ಲ. ಅಲ್ಲಿ ಸದ್ದನ್ನು ವರ್ಣಿಸಲು ಒಂದು ಸಾಲು ಬರೆದಿದ್ದೆ, ಹೊಡೆದು ಹಾಕಿದೆ. ಬರೀ ‘ತಲೆಯೆತ್ತಿ ನೋಡಿದ’ ಎಂದು ಓದಿ, ಮೂರು ಅಡಿಕೆ ಸುಲಿಯುವಷ್ಟು ಹೊತ್ತು ಸುಮ್ಮನಿರುತ್ತೇನೆ.