ಪೊರೆ ಬಂದ ಕನ್ನಡಿ

ಕೆಲಸ ಹುಡುಕಲು ಬೆಂಗಳೂರಿಗೆ ಬಂದವರ ರೂಮಿನಲ್ಲಿ ಕನ್ನಡಿ ಎಂದರೆ ಹೇಗಿರುತ್ತದೆ, ಗೊತ್ತಲ್ಲ? ಕಿಟಕಿಯ ಸರಳಿಗೆ ದಾರ ಕಟ್ಟಿ ತೂಗುಬಿಟ್ಟ, ಅಂಗೈಗಿಂತ ಸ್ವಲ್ಪ ದೊಡ್ಡದಾದ ಪ್ಲಾಸ್ಟಿಕ್ ಚೌಕಟ್ಟಿನದು. ಹಣೆ ಕಂಡರೆ ಕುತ್ತಿಗೆ ಕಾಣುವುದಿಲ್ಲ, ಕುತ್ತಿಗೆ ಕಂಡರೆ ಹಣೆ ಕಾಣುವುದಿಲ್ಲ. ಇಂಟರ್‌ವ್ಯೂ ದಿನ ಕುರ್ತಾದ ಹಿಂಭಾಗ ಮುದುಡಿದೆಯೇ ಎಂದು ರೂಮ್‌ಮೇಟನ್ನೇ ಕೇಳಬೇಕು. ನಾವು ಮೂವರು ಹುಡುಗಿಯರು ಬಾಡಿಗೆಗಿರುವ ಮನೆಯಲ್ಲೂ ಹೀಗೇ ಇತ್ತು. ಒಂದು ರೂಮು, ಒಂದು ಅಡುಗೆಮನೆ, ಒಂದೇ ಕಿಟಕಿ. ಹಗಲು ಹನ್ನೊಂದಕ್ಕೂ ಟ್ಯೂಬ್‌ಲೈಟ್ ಹಾಕಿಯೇ ಓದಬೇಕಿತ್ತು.

ಈಗ ಅಲ್ಲಿ ಮೂರು ಅಡಿ ಎತ್ತರ, ಎರಡು ಅಡಿ ಅಗಲದ ಸಾಗುವಾನಿ ಚೌಕಟ್ಟಿನ ಹಳೆಯ ಕನ್ನಡಿಯಿದೆ. ಹಳೆಯ ಕನ್ನಡಿಗಳಿಂದ ಮನೆ ಸಿಂಗರಿಸುವುದು ದುಡ್ಡಿದ್ದವರ ಹವ್ಯಾಸ ಎಂದು ಹೇಳುವವರಿದ್ದಾರೆ. ನಮ್ಮದು ಬಂದದ್ದು ಅಜ್ಜಿಮನೆಯ ಅಟ್ಟದಿಂದ. ಖರ್ಚಾದದ್ದು ರೈಲಿನ ಟಿಕೆಟ್ ಮತ್ತು ಆಟೋ ಬಾಡಿಗೆ ಮಾತ್ರ.

ಅಜ್ಜಿಮನೆ ಇರುವುದು ಸಾಗರದ ಹತ್ತಿರ. ಮಾವಂದಿರ ನಡುವೆ ಹಿಸ್ಸೆಯಾಗಿ ಹಳೆಯ ಮನೆ ಬಿಚ್ಚುವುದೆಂದು ತೀರ್ಮಾನವಾಯಿತು. ಕಂಬ, ಬಾಗಿಲು, ತಾಮ್ರದ ಹಂಡೆ ಎಲ್ಲಕ್ಕೂ ವಾರಸುದಾರರು ಸಿಕ್ಕರು. ಅಟ್ಟದಲ್ಲಿ ಗೋಣಿಚೀಲ ಸುತ್ತಿಟ್ಟಿದ್ದ ಕನ್ನಡಿ ಮಾತ್ರ ಯಾರಿಗೂ ಬೇಡವಾಗಿತ್ತು. ಅಂಚಿನಲ್ಲೆಲ್ಲ ಕಪ್ಪು ಚುಕ್ಕಿ, ನಡುವೆ ಮಸುಕು. “ಗುಜರಿಯವನೂ ಮುಟ್ಟದ್ದನ್ನ ಬೆಂಗಳೂರಿಗೆ ಹೊರ್ತೀಯೇನೇ?” ಎಂದರು ದೊಡ್ಡಮಾವ.

ಅದು ಅಟ್ಟ ಸೇರಿದ ಕಥೆಯನ್ನು ಹೇಳಿದ್ದು ಅಮ್ಮ. ಮೊದಲು ನಡುಮನೆಯ ಗೋಡೆಯ ಮೇಲೆ, ಸ್ವಲ್ಪ ಮುಂದಕ್ಕೆ ಬಾಗಿಕೊಂಡು ತೂಗುತ್ತಿತ್ತಂತೆ. ಅಜ್ಜ ತೀರಿಕೊಂಡಾಗ ಅಜ್ಜಿಗೆ ಮೂವತ್ತೆಂಟು. ಗಂಡ ಸತ್ತವಳಿಗೆ ಕನ್ನಡಿಯೇಕೆ ಎಂದು ಆಗ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಕುಂಕುಮ, ಬಳೆಗಳ ಜೊತೆಗೆ ಕನ್ನಡಿಯೂ ಹೋಯಿತು. ಹಿರಿಯರೊಬ್ಬರು ಅದನ್ನು ಇಳಿಸಿ ಅಟ್ಟಕ್ಕೆ ಹಾಕಿಸಿದರಂತೆ. ಇದನ್ನು ಕೇಳಿದ ಮೇಲೆ ಆ ಕನ್ನಡಿಯನ್ನು ಬಿಟ್ಟು ಬರಲು ನನಗೆ ಮನಸ್ಸಾಗಲಿಲ್ಲ. ಎರಡು ಕಂಬಳಿ ಸುತ್ತಿ, ತಾಳಗುಪ್ಪದಿಂದ ಬರುವ ರಾತ್ರಿ ರೈಲಿನಲ್ಲಿ ನಿಲ್ಲಿಸಿಕೊಂಡೇ ತಂದೆ. ಗಾಜನ್ನು ಮಲಗಿಸಿ ಸಾಗಿಸಬಾರದು. ಕುಲುಕಾಟಕ್ಕೆ ನಡುವೆಯೇ ಬಿರುಕು ಬಿಡುತ್ತದೆ.

ತಂದ ಮೇಲೆ ಕನ್ನಡಿಗಳ ಬಗ್ಗೆ ಓದಲು ಶುರುಮಾಡಿದೆ. ಬೇಲೂರಿನ ಚೆನ್ನಕೇಶವ ದೇವಾಲಯದ ದರ್ಪಣ ಸುಂದರಿಯನ್ನು ನೀವೂ ನೋಡಿರುತ್ತೀರಿ. 1117ರಲ್ಲಿ ಪ್ರತಿಷ್ಠಾಪನೆಯಾದ ಆ ಗುಡಿಯ ಕಾಲದಲ್ಲಿ ಕನ್ನಡಿಯೆಂದರೆ ಉಜ್ಜಿ ಉಜ್ಜಿ ಹೊಳಪು ತರಿಸಿದ ಲೋಹ. ಕೇರಳದ ಆರನ್ಮುಳದಲ್ಲಿ ತಾಮ್ರ ಮತ್ತು ತವರದ ಮಿಶ್ರಲೋಹದಿಂದ ಅಂಥ ಕನ್ನಡಿಯನ್ನು ಇಂದಿಗೂ ಮಾಡುತ್ತಾರೆ. ಗಾಜಿನ ಕನ್ನಡಿಯ ಹಿಂಬದಿಗೆ ಶತಮಾನಗಳ ಕಾಲ ತವರ ಮತ್ತು ಪಾದರಸ ಬಳಿಯುತ್ತಿದ್ದರು. 1835ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಯೂಸ್ಟಸ್ ಫಾನ್ ಲೀಬಿಗ್ ಗಾಜಿನ ಮೇಲೆ ಬೆಳ್ಳಿಯ ತೆಳುಪದರ ಕೂರಿಸುವ ವಿಧಾನ ಕಂಡುಕೊಂಡ. ಮುಂದೆ ಬೆಳ್ಳಿ ಕನ್ನಡಿಗಳು ಪಾದರಸದವನ್ನು ಹಿಂದಕ್ಕೆ ತಳ್ಳಿದವು.

ಕಪ್ಪು ಚುಕ್ಕಿಗೆ ಕಾರಣವೂ ಆ ಬೆಳ್ಳಿಯೇ. ಬೆಳ್ಳಿಪದರದ ರಕ್ಷಣೆಗೆ ಹಿಂದೆ ಬಣ್ಣ ಬಳಿದಿರುತ್ತಾರೆ. ಬಣ್ಣ ಬಿರುಕುಬಿಟ್ಟರೆ ಅಥವಾ ಅಂಚಿನಿಂದ ತೇವ ಒಳಗಿಳಿದರೆ, ಪೂಜೆಯ ಬೆಳ್ಳಿ ಲೋಟ ಕಪ್ಪಾಗುವಂತೆ ಇದೂ ಕಪ್ಪಾಗುತ್ತದೆ. ಮಲೆನಾಡಿನ ಮಳೆಗಾಲಗಳನ್ನು ಕಂಡ ಕನ್ನಡಿಗೆ ಇದು ಸಹಜ. ಹಾಗಾಗಿ ಹಳೆಯ ಕನ್ನಡಿಗೆ ನೇರವಾಗಿ ನೀರನ್ನಾಗಲಿ, ಸ್ಪ್ರೇಯನ್ನಾಗಲಿ ಹೊಡೆಯಬೇಡಿ. ಮೆತ್ತನೆಯ ಬಟ್ಟೆಯನ್ನು ಸ್ವಲ್ಪವೇ ಒದ್ದೆಮಾಡಿ ಗಾಜನ್ನಷ್ಟೇ ಒರೆಸಿ, ತಕ್ಷಣ ಒಣಬಟ್ಟೆ ಆಡಿಸಿ. ಹಿಂಬದಿಯನ್ನಂತೂ ಕೆರೆಯಲೇಬೇಡಿ. ತೀರಾ ಹಳೆಯದಾದರೆ ಅದರಲ್ಲಿ ಪಾದರಸ ಇರಬಹುದು.

ಕೊಳ್ಳಬೇಕೆಂದರೆ ದೊಡ್ಡ ಶೋರೂಮಿಗೇ ಹೋಗಬೇಕಿಲ್ಲ. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸುತ್ತಮುತ್ತ ಭಾನುವಾರ ನಡೆಯುವ ಸಂಡೇ ಬಜಾರ್‌ನಲ್ಲಿ, ಶಿವಾಜಿನಗರದ ಗುಜರಿಗಳಲ್ಲಿ ತಾಳ್ಮೆಯಿಂದ ಕಣ್ಣಾಡಿಸಿ. ಪ್ರವಾಸ ಹೋದರೆ ತಮಿಳುನಾಡಿನ ಕಾರೈಕುಡಿ, ಕೊಚ್ಚಿಯ ಮಟ್ಟಾಂಚೇರಿಗಳಲ್ಲಿ ಹಳೆಯ ಮನೆಗಳ ಸಾಮಾನು ಮಾರುವ ಅಂಗಡಿಗಳ ಸಾಲೇ ಇದೆ. ಒಡೆದ ಬೀರುವಿನ ಬಾಗಿಲು, ಮುಚ್ಚಿಹೋದ ಸಲೂನಿನ ಕನ್ನಡಿ, ಮದುವೆಗೆ ಉಡುಗೊರೆ ಕೊಟ್ಟವರ ಹೆಸರು ಬರೆಸಿದ ಕನ್ನಡಿ, ಎಲ್ಲವೂ ಗೋಡೆಗೆ ಚೆಂದವೇ.

ಹಳೆಯದೆಂದು ಗುರುತಿಸುವುದು ಹೇಗೆ? ಕನ್ನಡಿಯ ಮುಂದೆ ನಿಂತು ತಲೆಯನ್ನು ನಿಧಾನವಾಗಿ ಅತ್ತಿತ್ತ ಆಡಿಸಿ. ಪ್ರತಿಬಿಂಬ ಅಲ್ಲಲ್ಲಿ ನೀರಿನಂತೆ ಅಲುಗಿದರೆ ಅದು ಹಳೆಯ ವಿಧಾನದ ಗಾಜಿರಬಹುದು. ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಸಮತಟ್ಟು ಮಾಡುವ ಫ್ಲೋಟ್ ವಿಧಾನವನ್ನು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ ಪ್ರಕಟಿಸಿದ್ದು 1959ರಲ್ಲಿ. ಈಗಿನ ಕನ್ನಡಿಗಳು ಅಷ್ಟು ನೇರವಾಗಿರುವುದು ಅದರಿಂದಲೇ. ಚುಕ್ಕಿಗಳು ಎಲ್ಲ ಕಡೆ ಒಂದೇ ಸಮ ಹರಡಿದ್ದರೆ ಹೊಸ ಗಾಜಿಗೆ ಆಸಿಡ್ ಹಾಕಿ ಮುಪ್ಪು ಬರಿಸಿರುವ ಸಾಧ್ಯತೆಯೂ ಉಂಟು. ಚೌಕಟ್ಟನ್ನು ಬೆರಳಿನಿಂದ ತಟ್ಟಿ, ಹಿಂದೆ ಗೆದ್ದಲಿನ ಮಣ್ಣಿದೆಯೇ ನೋಡಿ. ಇನ್ನೊಂದು ವಿಷಯ: ನೂರು ವರ್ಷ ದಾಟಿದ ಕಲಾವಸ್ತುಗಳು 1972ರ ಪುರಾವಸ್ತು ಕಾಯ್ದೆಯಡಿ ಬರುತ್ತವೆ. ಅಮೆರಿಕದ ಅಣ್ಣನಿಗೆ ಕಳಿಸುತ್ತೇನೆಂದು ಕೊಳ್ಳಬೇಡಿ. ಅಂಥವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ.

ನಮ್ಮ ಮನೆಯ ಓನರ್ ಆಂಟಿಯದು ಒಂದೇ ಷರತ್ತು, ಗೋಡೆಗೆ ಮೊಳೆ ಹೊಡೆಯಬಾರದು. ಐದು ಮಿಲಿಮೀಟರ್ ದಪ್ಪದ ಗಾಜಾದರೆ ನಮ್ಮ ಅಳತೆಯ ಕನ್ನಡಿಗೆ ಗಾಜಿನ ತೂಕವೇ ಸುಮಾರು 7 ಕಿಲೋ, ಅದರ ಮೇಲೆ ಚೌಕಟ್ಟು ಬೇರೆ. ಅಂಟಿಸುವ ಹುಕ್ಕುಗಳನ್ನು ನಂಬುವಂತಿರಲಿಲ್ಲ. ನೆಲದ ಮೇಲೆ ಗೋಡೆಗೆ ಒರಗಿಸಿ, ಜಾರದಂತೆ ಹಳೆಯ ಹವಾಯಿ ಚಪ್ಪಲಿ ಕತ್ತರಿಸಿ ಅಡಿಗೆ ಕೊಟ್ಟೆವು. ಮೇಲ್ಭಾಗವನ್ನು ಕಿಟಕಿಯ ಸರಳಿಗೆ ಹಗ್ಗದಿಂದ ಬಿಗಿದೆವು. ಕಿಟಕಿಯ ಪಕ್ಕದ ಗೋಡೆಯಾದ್ದರಿಂದ ಒಳಬಂದ ಬೆಳಕು ಕನ್ನಡಿಗೆ ತಾಗಿ ಎದುರಿನ ಕತ್ತಲೆ ಮೂಲೆಗೆ ಹೋಗುತ್ತದೆ. ಈಗ ಮಧ್ಯಾಹ್ನ ಮೂರರವರೆಗೆ ಟ್ಯೂಬ್‌ಲೈಟ್ ಬೇಡ.

“ಮಸುಕು ಕನ್ನಡಿ ಮನೇಲಿಟ್ಟರೆ ಕೆಲಸ ಸಿಗಲ್ಲ ಕಣ್ರಮ್ಮಾ” ಎಂದು ಆಂಟಿ ಎಚ್ಚರಿಸಿದರು. ಆಮೇಲೆ ರೂಮ್‌ಮೇಟ್ ಒಬ್ಬಳಿಗೆ ಕೆಲಸ ಸಿಕ್ಕಿತು, ನನಗೆ ಇನ್ನೂ ಇಲ್ಲ. ಎರಡರಲ್ಲೂ ಕನ್ನಡಿಯ ಪಾತ್ರವಿಲ್ಲ ಎಂಬುದು ನನ್ನ ನಂಬಿಕೆ.

ಹೋದ ಚಳಿಗಾಲದಲ್ಲಿ ಅಜ್ಜಿ ಕಣ್ಣಿನ ಪೊರೆಯ ಆಪರೇಷನ್‌ಗೆಂದು ಬೆಂಗಳೂರಿಗೆ ಬಂದು ಹತ್ತು ದಿನ ನಮ್ಮ ಜೊತೆಗಿದ್ದರು. ಮೊದಲು ಅವರಿಗೆ ಅದು ಯಾವ ಕನ್ನಡಿ ಎಂದೇ ಕಾಣುತ್ತಿರಲಿಲ್ಲ. ಪಟ್ಟಿ ತೆಗೆದ ಮರುದಿನ ಬೆಳಿಗ್ಗೆ ನಾನು ಕಾಫಿ ತಂದಾಗ ಅದರ ಮುಂದೆ ಚಾಪೆ ಹಾಕಿಕೊಂಡು ಕೂತಿದ್ದರು. ಚೌಕಟ್ಟಿನ ಕೆತ್ತನೆಯ ಮೇಲೆ ಬೆರಳಾಡಿಸುತ್ತಾ, “ಇದಕ್ಕೂ ನನ್ನ ಹಂಗೇ ಪೊರೆ ಬಂದದೆ ನೋಡು” ಎಂದರು. ಸ್ವಲ್ಪ ಹೊತ್ತಿನ ನಂತರ, “ನನ್ನ ಮೂಗು ನಮ್ಮಮ್ಮಂದೇ. ಗೊತ್ತೇ ಇರಲಿಲ್ಲ” ಎಂದರು. ಅಜ್ಜಿಗೆ ಈಗ ಎಂಬತ್ತು. ಬಾಚಣಿಗೆ ಕೇಳಿದರು, ಕೊಟ್ಟೆ. ಉಳಿದ ದಿನಗಳೆಲ್ಲ ಅಲ್ಲೇ ಕೂತು ತಲೆ ಬಾಚಿಕೊಂಡರು. ನಾವ್ಯಾರೂ ಅದರ ಬಗ್ಗೆ ಮಾತೆತ್ತಲಿಲ್ಲ. ಹೊಸ ಗಾಜು ಹಾಕಿಸಲೇ ಎಂದು ಕೇಳಿದ್ದಕ್ಕೆ ಮಾತ್ರ, “ಬೇಡ, ಕಾಣೋವಷ್ಟು ಕಾಣ್ತದೆ” ಎಂದರು.

ಈ ಸಲ ಊರಿಗೆ ಹೋದಾಗ ನಿಮ್ಮ ಮನೆಯ ಅಟ್ಟವನ್ನೂ ಒಮ್ಮೆ ಹತ್ತಿ ನೋಡಿ. ಕನ್ನಡಿ ಸಿಕ್ಕರೆ ಬೆಲೆ ಎಷ್ಟು ಬರಬಹುದು ಎಂದು ಫೋಟೊ ಹಾಕುವ ಮೊದಲು, ಅದನ್ನು ಯಾರು, ಯಾವಾಗ, ಯಾಕೆ ಅಲ್ಲಿಟ್ಟರು ಎಂದು ಅಮ್ಮನನ್ನೋ ಅಜ್ಜಿಯನ್ನೋ ಕೇಳಿ. ಹಾಗೇ ಇಳಿಸುವಾಗ ಇಬ್ಬರಿರಿ. ಒಬ್ಬರೇ ಹೊರುವಷ್ಟು ಹಗುರ ಅದಲ್ಲ.