ಮುಳಾ-ಮುಠೆಯ ದಂಡೆಯ ಹಕ್ಕಿಗಳು

ಪುಣೆಯ ಸಂಗಮದಲ್ಲಿ ಮುಳಾ, ಮುಠಾ ಎಂಬೆರಡು ನದಿಗಳು ಕೂಡಿ ಒಂದಾಗುವವು. ಅಲ್ಲಿಂದ ಬಂಡ್ ಗಾರ್ಡನ್, ಯೆರವಡೆ, ಮುಂಢವೆಗಳನ್ನು ದಾಟಿ ಪೂರ್ವಕ್ಕೆ ಹರಿಯುವ ಮುಳಾ-ಮುಠೆಯು ನಗರದ ಹೊಲಸನ್ನು ಹೊತ್ತು ಸಾಗುವುದೆಂಬುದು ಎಲ್ಲರೂ ಬಲ್ಲ ಸಂಗತಿ. ಚಳಿಗಾಲದಲ್ಲಿ ಇದೇ ನದಿಯ ಮೇಲೆ ಹಕ್ಕಿಗಳು ಹಿಂಡುಹಿಂಡಾಗಿ ನೆರೆಯುವುದನ್ನು ಕಂಡವರು ಮಾತ್ರ ಕಡಿಮೆ. ಕೊಳಕು ನೀರಿನಲ್ಲಿ ಇಷ್ಟೊಂದು ಹಕ್ಕಿಗಳೇಕೆ? ಹಕ್ಕಿಗಳಿದ್ದಲ್ಲಿ ನೀರು ಶುದ್ಧವೆಂದು ತಿಳಿಯಬಹುದೇ?

ಇದನ್ನು ಕಣ್ಣಾರೆ ನೋಡಲು ತಕ್ಕ ಸ್ಥಳ ಕವಡಿ. ಸೋಲಾಪುರದ ಹೆದ್ದಾರಿಯಲ್ಲಿ ಹಡಪಸರವನ್ನು ದಾಟಿ ಲೋಣಿ ಕಾಳಭೋರದ ಕಡೆಗೆ ಹೋಗುವಾಗ ಈ ಗ್ರಾಮವು ಸಿಗುವುದು. ನದಿಗೆ ಅಡ್ಡಲಾಗಿ ಅಲ್ಲೊಂದು ತಗ್ಗಾದ ಒಡ್ಡು ಇದೆ. ಒಡ್ಡಿನ ಮೇಲ್ಗಡೆ ನೀರು ಮಡುಗಟ್ಟಿ ನಿಂತಿದೆ. ಕೆಳಗಡೆ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತದೆ. ಈಜುವ ಹಕ್ಕಿಗೂ ನಡೆಯುವ ಹಕ್ಕಿಗೂ ಒಂದೇ ಕಡೆ ಅನುಕೂಲವಾದುದು ಹೀಗೆ.

ನಾವು ತಲುಪಿದಾಗ ಸೂರ್ಯೋದಯವಾಗಿರಲಿಲ್ಲ, ಮಂಜು ಕವಿದಿತ್ತು. ಮೊದಲು ಕೇಳಿಬಂದುದು ಚಕ್ರವಾಕಗಳ ಕೂಗು. ಇರುಳಿನಲ್ಲಿ ಅಗಲಿ ಪರಿತಪಿಸುವ ಜೋಡಿಯೆಂದು ನಮ್ಮ ಪ್ರಾಚೀನ ಕವಿಗಳು ಇದನ್ನು ಬಣ್ಣಿಸಿದ್ದಾರೆ. ಮಂಜು ಕರಗಿದಾಗ ಕಂಡುದು ಬೇರೆ: ಕಿತ್ತಳೆ ಛಾಯೆಯ ಕಂದು ಮೈಯ ಆ ಹಕ್ಕಿಗಳು ಎರಡೆರಡಾಗಿ ಮಗ್ಗುಲಲ್ಲಿಯೇ ನಿಂತಿದ್ದವು! ಲಡಾಖ್, ಟಿಬೆಟ್ಟುಗಳ ಎತ್ತರದ ಸರೋವರಗಳ ಪ್ರದೇಶದಲ್ಲಿ ಮರಿಮಾಡುವ ಈ ಜಾತಿಯು ಹಿಮಾಲಯವನ್ನು ದಾಟಿ ನಮ್ಮ ಬಯಲಿಗೆ ಇಳಿಯುವುದು. ಬಾಲ ಕುಣಿಸುವ ಸಿಪಿಲೆಗಳೂ ಸಲಿಕೆಯಂತಹ ಕೊಕ್ಕಿನ ಬಾತುಗಳೂ ಚಳಿಗಾಲದ ಅತಿಥಿಗಳೇ.

ಇನ್ನು ಆಹಾರದ ವಿಚಾರ. ಚರಂಡಿಯ ನೀರಿನೊಡನೆ ಬರುವ ಸಾವಯವ ವಸ್ತುವು ಕೊಳೆಯುವಾಗ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಬಿಡುವವು. ಉಸಿರು ಸಾಲದೆ ಬಹುಜಾತಿಯ ಮೀನುಗಳು ಅಳಿಯುವವು. ಆದರೆ ಕೆಸರಿನಲ್ಲಿರುವ ಕೆಲವು ನೊಣಜಾತಿಯ ಕೆಂಪು ಹುಳುಗಳ ಮೈಯಲ್ಲಿ ನಮ್ಮ ರಕ್ತದಲ್ಲಿರುವಂತಹ ಹಿಮೋಗ್ಲೋಬಿನ್ ಇದೆ. ಅಲ್ಪ ಆಮ್ಲಜನಕದಲ್ಲಿಯೂ ಅವು ಬದುಕಬಲ್ಲವು, ಹುಲುಸಾಗಿ ಬೆಳೆಯಬಲ್ಲವು. ನೀಳವಾದ ಕೆಂಪು ಕಾಲುಗಳ ಮೆಟ್ಟುಗಾಲು ಹಕ್ಕಿಗೆ ಇಂತಹ ಹುಳುಗಳೆಂದರೆ ಹಬ್ಬದೂಟ. ಸಲಿಕೆ ಕೊಕ್ಕಿನ ಬಾತಾದರೋ ಕೊಕ್ಕಿನ ಅಂಚಿನಲ್ಲಿರುವ ಬಾಚಣಿಗೆಯಂತಹ ಎಸಳುಗಳಿಂದ ನೀರನ್ನು ಸೋಸಿ ಸಣ್ಣ ಜೀವಿಗಳನ್ನು ನುಂಗುವುದು. ಆದುದರಿಂದ ಇವುಗಳ ಹಿಂಡು ದೊಡ್ಡದಾದ ಮಾತ್ರಕ್ಕೆ ನದಿಯು ಆರೋಗ್ಯವಾಗಿದೆಯೆಂದು ಹೇಳಲಾಗದು. ಮೀನನ್ನು ನೆಚ್ಚಿದ ನದಿ ರೀವವನ್ನೂ, ಒಂದೇ ಎಡೆಯಲ್ಲಿ ರೆಕ್ಕೆ ಬಡಿಯುತ್ತ ನಿಂತು ನೀರಿಗೆ ಧುಮುಕುವ ಕಪ್ಪು-ಬಿಳಿ ಮಿಂಚುಳ್ಳಿಯನ್ನೂ ಎಣಿಸಬೇಕು. ನಾವು ಎಣಿಸಿದಾಗ ಅವು ಬೆರಳೆಣಿಕೆಯಷ್ಟೇ ಇದ್ದವು.

ಛಾಯಾಚಿತ್ರ ತೆಗೆಯುವವರಿಗೆ ಬೆಳಗಿನ ಓರೆಬಿಸಿಲು ಶ್ರೇಷ್ಠ. ಸೂರ್ಯನು ಬೆನ್ನಿಗಿರಬೇಕು, ನೆಲಕ್ಕೆ ಕುಳಿತು ಹಕ್ಕಿಯ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಹಿಡಿಯಬೇಕು. ಹಾರುವ ಹಕ್ಕಿಗೆ ಸೆಕೆಂಡಿನ ೧/೧೦೦೦ ಭಾಗ ಅಥವಾ ಅದಕ್ಕಿಂತ ವೇಗದ ಷಟರ್ ಬೇಕು. ಕಪ್ಪು ನೀರಿನ ಮುಂದೆ ಬಿಳಿಯ ಹಕ್ಕಿ ನಿಂತರೆ ಕ್ಯಾಮೆರಾ ಮೋಸಹೋಗಿ ಹೆಚ್ಚು ಬೆಳಕನ್ನು ಒಳಗೊಳ್ಳುವುದು, ಗರಿಯ ಗೆರೆಗಳು ಅಳಿಸಿಹೋಗುವವು. ಬೆಳಕನ್ನು ಒಂದು ಹಂತ ತಗ್ಗಿಸಿದರೆ ಸರಿಹೋಗುತ್ತದೆ.

ಇವೆಲ್ಲ ಕೈಯ ಚಾತುರ್ಯ. ಕಷ್ಟವಿರುವುದು ಬೇರೆಡೆ. ಒಡ್ಡಿನ ಕೆಳಗೆ ಸಾಬೂನಿನ ನೊರೆ ಗುಡ್ಡೆಗುಡ್ಡೆಯಾಗಿ ತೇಲುವುದು; ಇಲ್ಲಿಯವರು ಜಲಪರ್ಣಿಯೆನ್ನುವ ಕಳೆಯೂ ಪ್ಲಾಸ್ಟಿಕ್ ಚೀಲಗಳೂ ಬಂಡೆಗಳಿಗೆ ತೊಡರಿರುವವು. ಚಿತ್ರವು ಅಂದವಾಗಲೆಂದು ಎಲ್ಲರೂ ಇವನ್ನು ಚೌಕಟ್ಟಿನ ಹೊರಗಿಡುತ್ತಾರೆ. ಅಂತಹ ಚಿತ್ರ ಗೋಡೆಗೆ ಭೂಷಣವೇನೋ ಹೌದು, ನದಿಗೆ ಸಾಕ್ಷಿಯಲ್ಲ. ನೊರೆಯ ನಡುವೆ ನಿಂತ ಮೆಟ್ಟುಗಾಲಿನ ಚಿತ್ರವನ್ನೇ ನಾವು ಈ ಲೇಖನಕ್ಕೆ ಆರಿಸಿದೆವು. ಅಡಿಯಲ್ಲಿ ಸ್ಥಳ, ದಿನಾಂಕ, ವೇಳೆ, ಹಕ್ಕಿಗಳ ಸಂಖ್ಯೆಗಳನ್ನು ಬರೆದೆವು.

ಈ ನೀರು ಕವಡಿಯಲ್ಲಿ ನಿಲ್ಲುವುದಿಲ್ಲ. ಥೇವೂರಿನ ಗಣಪತಿಯ ಬಳಿ ಹಾದು ಅದು ಭೀಮೆಯನ್ನು ಸೇರುವುದು. ಭೀಮೆಯು ಉಜನಿಯ ಜಲಾಶಯವನ್ನು ತುಂಬಿ, ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ, ಕನ್ನಡ ನಾಡನ್ನು ಹೊಕ್ಕು ಅಫಜಲಪುರ ತಾಲ್ಲೂಕಿನ ಗಾಣಗಾಪುರವನ್ನು ಮುಟ್ಟಿ, ರಾಯಚೂರಿನ ಸೀಮೆಯಲ್ಲಿ ಕೃಷ್ಣೆಯೊಡನೆ ಬೆರೆಯುವುದು. ಪುಣೆಗೆ ದುಡಿಯಲು ಬಂದ ಎಷ್ಟೋ ಕನ್ನಡ ಕುಟುಂಬಗಳ ತವರೂರು ಈ ಭೀಮಾತೀರವೇ.

ಕವಡಿಗೆ ಹೋಗಬಯಸುವವರು ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಬೇಕು. ಮಾಸಲು ಬಣ್ಣದ ಉಡುಪು, ದುರ್ಬೀನು, ಪೆನ್ಸಿಲು, ಟಿಪ್ಪಣಿ ಪುಸ್ತಕಗಳು ಸಾಕು. ಬಿಸಿಲೇರುವ ಮುನ್ನ ಎಣಿಕೆಯನ್ನು ಮುಗಿಸಬೇಕು. ಆಮೇಲೆ ಚಕ್ರವಾಕಗಳು ಮರಳದಿಬ್ಬದ ಮೇಲೆ ಕುಳಿತು ತೂಕಡಿಸತೊಡಗುವವು.