ಒಲವಿನ ಬೆಲೆ ತೆತ್ತವರು ಯಾರು?

ಹುಡುಗ ಹುಡುಗಿ ಮೆಚ್ಚಿ, ಹಿರಿಯರು ಮುನಿದು, ಕೊನೆಗೆ ಎಲ್ಲರೂ ಕೂಡಿ ಅಕ್ಷತೆ ಹಾಕುವ ಕಥೆಗಳಿಗೆ ನಮ್ಮ ಚಿತ್ರರಂಗದಲ್ಲಿ ಎಂದೂ ಬರವಿಲ್ಲ. ಆದರೆ ಮದುವೆಯ ಹಂದರದ ಆಚೆಗೆ, ಮನೆಯ ಒಳಕೋಣೆಯಲ್ಲಿ ನಡೆಯುವ ಮನಸ್ಸಿನ ತುಮುಲವನ್ನು ತೆರೆಗೆ ತರಲು ಎದೆಗಾರಿಕೆ ಬೇಕು. ಪುಟ್ಟಣ್ಣ ಕಣಗಾಲರಲ್ಲಿ ಅದು ಧಾರಾಳವಾಗಿತ್ತು. ಅವರಿಗೆ ಕಥೆಯನ್ನೊದಗಿಸಿದವು ನಮ್ಮ ಮನೆಮನೆಗಳಲ್ಲಿ ಓದುತ್ತಿದ್ದ ಕಾದಂಬರಿಗಳೇ.

ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿದ ‘ಗೆಜ್ಜೆಪೂಜೆ’ಯ ಚಂದ್ರಾ ವೇಶ್ಯೆಯ ಮಗಳು. ಅವಳು ಬಯಸಿದ್ದು ಎಲ್ಲ ಹೆಣ್ಣುಮಕ್ಕಳೂ ಬಯಸುವ ಒಂದು ತಾಳಿ, ಒಂದು ಮನೆ. ಹುಟ್ಟಿದ ಕುಲವೇ ಆ ಬಯಕೆಗೆ ಅಡ್ಡ ನಿಲ್ಲುತ್ತದೆ; ಕಡೆಗೆ ಅವಳು ಪ್ರಾಣವನ್ನೇ ತೆರುತ್ತಾಳೆ.

1971ರ ‘ಶರಪಂಜರ’ದ ಕಾವೇರಿಯ ಸಂಕಟ ಇನ್ನೂ ಸೂಕ್ಷ್ಮ. ಅಕ್ಕರೆಯ ಗಂಡ, ಮುದ್ದಾದ ಸಂಸಾರ. ಹೆರಿಗೆಯ ಅನಂತರ ಅವಳ ಚಿತ್ತ ಕದಡುತ್ತದೆ. ಆಸ್ಪತ್ರೆಯಲ್ಲಿ ಗುಣ ಹೊಂದಿ ಮರಳಿದವಳನ್ನು ನೆರೆಹೊರೆಯವರು ಹುಚ್ಚಿಯೆಂದೇ ಕಾಣುತ್ತಾರೆ. ವಿವಾಹಪೂರ್ವದ ಅವಳ ಕಹಿ ಪ್ರಸಂಗವನ್ನು ಮರೆಯಲಾರದ ಗಂಡ, ತಾನು ಮಾತ್ರ ಇನ್ನೊಬ್ಬಳ ಸಂಗದಲ್ಲಿ ನೆಮ್ಮದಿಯನ್ನು ಅರಸುತ್ತಾನೆ. ಕಾವೇರಿ ಮತ್ತೆ ಆಸ್ಪತ್ರೆಗೇ ಮರಳಬೇಕಾಗುತ್ತದೆ. ರೋಗ ವಾಸಿಯಾದರೂ ಮನೆಯವರ ಮನಸ್ಸು ವಾಸಿಯಾಗಲಿಲ್ಲ.

ಭಾರತೀಸುತರ ಕಾದಂಬರಿಯಿಂದ 1973ರಲ್ಲಿ ತೆರೆಗೆ ಬಂದ ‘ಎಡಕಲ್ಲು ಗುಡ್ಡದ ಮೇಲೆ’ ಮತ್ತೂ ಒಂದು ಹೆಜ್ಜೆ ಮುಂದೆ ಹೋಯಿತು. ದಾಂಪತ್ಯಸುಖವನ್ನು ಕೊಡಲಾರದ ಗಂಡನೊಡನೆ ಬಾಳುವ ಮಾಧವಿಯ ಮನಸ್ಸು ತರುಣನೊಬ್ಬನತ್ತ ವಾಲುತ್ತದೆ. ಜಯಂತಿಯವರ ಅಭಿನಯದಲ್ಲಿ ಅವಳು ದುಷ್ಟೆಯಾಗಿ ಕಾಣುವುದಿಲ್ಲ, ಹಸಿದವಳಾಗಿ ಕಾಣುತ್ತಾಳೆ. ಆದರೂ ಕಥೆ ಮುಗಿಯುವುದು ದುರಂತದಲ್ಲಿಯೇ.

ಗಮನಿಸಿ: ಪ್ರಶ್ನೆ ಎತ್ತುವಾಗ ಇದ್ದ ಧೈರ್ಯ ಉತ್ತರ ಹೇಳುವಾಗ ಕುಗ್ಗುತ್ತದೆ. ನಮ್ಮ ಕಣ್ಣೀರಿಗೆ ಅರ್ಹಳಾಗಬೇಕಾದರೆ ಹೆಣ್ಣು ಸಾಯಬೇಕು, ಇಲ್ಲವೆ ಬುದ್ಧಿ ಕಳೆದುಕೊಳ್ಳಬೇಕು. ಸಮಾಜದ ನಿಷ್ಠುರತೆಯನ್ನು ತೋರಿಸುವುದೇ ನಿರ್ದೇಶಕರ ಉದ್ದೇಶವೆಂದು ಸಮಾಧಾನ ಹೇಳಬಹುದು. ಆದರೆ ಮರುಗಿ ಮನೆಗೆ ಮರಳಿದ ಪ್ರೇಕ್ಷಕ ತನ್ನ ಮನೆಯ ಕಾವೇರಿಯನ್ನು ಬೇರೆ ಕಣ್ಣಿನಿಂದ ನೋಡಿದನೆ?

ಇದಕ್ಕೆ ಒಂದು ಸುಂದರ ಅಪವಾದ, ಪುಟ್ಟಣ್ಣನವರು ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ, 1967ರ ‘ಬೆಳ್ಳಿಮೋಡ’. ಕಾಫಿ ತೋಟದ ಸಿರಿವಂತರ ಒಬ್ಬಳೇ ಮಗಳು ಇಂದಿರಾ. ಅವಳ ತಂದೆಯ ಹಣದಿಂದ ಹೊರದೇಶದಲ್ಲಿ ಓದಿ ಬಂದ ಮೋಹನ, ಆ ಮನೆಯಲ್ಲಿ ಗಂಡು ಮಗು ಹುಟ್ಟಿ ಆಸ್ತಿಗೆ ವಾರಸುದಾರ ಬಂದೊಡನೆ ಮದುವೆಯನ್ನು ಒಲ್ಲೆನ್ನುತ್ತಾನೆ. ತಾಯಿಯನ್ನು ಕಳೆದುಕೊಂಡ ತಮ್ಮನಿಗೆ ಇಂದಿರೆಯೇ ತಾಯಿಯಾಗುತ್ತಾಳೆ. ಮುಂದೆ ಅಪಘಾತದಲ್ಲಿ ನೊಂದ ಮೋಹನನಿಗೂ ಅವಳೇ ಶುಶ್ರೂಷೆ ಮಾಡುತ್ತಾಳೆ. ಪಶ್ಚಾತ್ತಾಪದಿಂದ ಅವನು ಕೈಹಿಡಿಯಲು ಬಂದಾಗ ಮಾತ್ರ ಅವಳ ಉತ್ತರ: ಇಲ್ಲ.

ಕಾವೇರಿಯನ್ನೂ ಇಂದಿರೆಯನ್ನೂ ಸೃಷ್ಟಿಸಿದವರು ಒಬ್ಬರೇ, ತ್ರಿವೇಣಿ. 1963ರಲ್ಲಿ ತೀರಿಕೊಂಡ ಅವರು ಈ ಎರಡು ಚಿತ್ರಗಳನ್ನೂ ಕಾಣಲಿಲ್ಲ. ಕಾವೇರಿಗಾಗಿ ನಾವು ಅತ್ತಿದ್ದೇವೆ, ಅದು ಸುಲಭ. ನಮ್ಮ ಮನೆಯ ಮಗಳು ಇಂದಿರೆಯಂತೆ ‘ಇಲ್ಲ’ ಎಂದಾಗ ಅವಳ ಬೆನ್ನಿಗೆ ನಿಲ್ಲುವುದು ಕಷ್ಟ. ಆದರೆ ಕಾವೇರಿಯರ ಕಣ್ಣೀರು ನಿಲ್ಲಬೇಕಾದರೆ ಅದೊಂದೇ ದಾರಿ.